ದಿಬ್ಬದ ಮೇಲೆ ನಿಲ್ಲುತ್ತಿದ್ದ ವ್ಯಾನು

ನಮ್ಮ ಹೋಳೂರಿನ ಗಂಗಾಲಕ್ಷ್ಮಿ ಯಾವುದನ್ನೂ ಸುಮ್ಮನೆ ನಂಬುವವಳಲ್ಲ. ಹಾಲು ಕಾದಿದೆ ಎಂದರೆ ಬೆರಳು ಅದ್ದಿ ನೋಡುತ್ತಾಳೆ. ರೇಷ್ಮೆಗೂಡು ಬಲಿತಿದೆ ಎಂದರೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ. ಮದುವೆಯಾಗಿ ಬಂದ ಹೊಸದರಲ್ಲಿ ಮಾವನ ಟ್ರ್ಯಾಕ್ಟರ್ ಓಡಿಸಿ ಊರೆಲ್ಲ ಬಾಯಿ ಬಿಡುವಂತೆ ಮಾಡಿದವಳು, ಈಗ ಒಂದು ಹಳೇ ವ್ಯಾನು ಇಟ್ಟುಕೊಂಡಿದ್ದಾಳೆ. ಕಂಪನಿ ಬಸ್ಸು ನಮ್ಮ ಬೀದಿಗಳಿಗೆ ಬರುವುದಿಲ್ಲ. ಬೆಳಗಿನ ಪಾಳಿಯ ಹೆಣ್ಣುಮಕ್ಕಳನ್ನು ನರಸಾಪುರದ ಕಾರ್ಖಾನೆಗೆ ಬಿಡುವುದು ಅವಳ ಕೆಲಸ.

ಇಂಥವಳು ಒಂದು ಅಂಕಿಗೆ ಹೆದರಿದಳು.

ದಾರಿಯಲ್ಲಿ ಹಾಡು ಬೇಕೆಂದು ಆ ಹುಡುಗಿಯರು ಕಾಡಿದ್ದಕ್ಕೆ ಅವಳ ತಮ್ಮ ಚಂದ್ರಮೋಹನ್ ಮಾಲೂರಿನಿಂದ ಹೊಸ ಸೆಟ್ಟು ತಂದು ತಾನೇ ಕೂಡಿಸಿದ. ಮೊಬೈಲ್ ಚಾರ್ಜ್ ಮಾಡುವ ಜಾಗದಿಂದಲೇ ಅದಕ್ಕೂ ವೈರು ಎಳೆದ. ಅದರ ಮುಖದ ಮೇಲೆ ಒಮ್ಮೆ ಗಂಟೆ ಬರುತ್ತದೆ, ಒಮ್ಮೆ ಬ್ಯಾಟರಿ ಎಷ್ಟಿದೆ ಎಂದು ಬರುತ್ತದೆ.

"ಬ್ಯಾಟರಿ ಹನ್ನೆರಡೂವರೆ ವೋಲ್ಟ್ ಇರಬೇಕಂತೆ ದೊಡ್ಡಮ್ಮ. ಇದು ಹನ್ನೊಂದೂವರೆ ತೋರಿಸ್ತಾ ಐತೆ," ಎಂದಳು ನನ್ನ ಹತ್ತಿರ. ಮಗುವಿಗೆ ಜ್ವರ ಬಂದಾಗ ಹೇಳುವ ಹಾಗೆ ಹೇಳಿದಳು.

ಅಂದಿನಿಂದ ವ್ಯಾನು ಅವಳ ಮನೆ ಮುಂದೆ ನಿಲ್ಲಲಿಲ್ಲ. ಕೆರೆ ಕಟ್ಟೆಯ ಪಕ್ಕದ ದಿಬ್ಬದ ಮೇಲೆ ನಿಲ್ಲಿಸತೊಡಗಿದಳು. ಬೀಗದಕೈಗೆ ಸ್ಟಾರ್ಟ್ ಆಗದಿದ್ದರೂ ಇಳಿಜಾರಿಗೆ ಬಿಟ್ಟರೆ ಉರುಳಿ ಸ್ಟಾರ್ಟ್ ಆಗುತ್ತದಲ್ಲ, ಆ ಧೈರ್ಯಕ್ಕೆ. ಹುಡುಗಿಯರು ಊಟದ ಡಬ್ಬಿ ಹಿಡಿದು ಅಲ್ಲಿಗೇ ಹತ್ತಿ ಹೋಗಬೇಕು. ಎದುರುಮನೆ ಭಾರತಮ್ಮ ಬಿಡುತ್ತಾಳೆಯೇ? "ಏನೇ ಗಂಗಾ, ನಿನ್ನ ವ್ಯಾನಿಗೂ ಕೆರೆ ಗಾಳಿ ಬೇಕಾಯ್ತಾ?" ಎಂದು ದಿನಾ ಒಂದು ಮಾತು ಎಸೆಯುತ್ತಿದ್ದಳು.

ನನಗೆ ನಗು ಬರಲಿಲ್ಲ. ನನ್ನ ಮೊಮ್ಮಗಳು ಶ್ವೇತ ಚೊಚ್ಚಲ ಹೆರಿಗೆಗೆ ನಮ್ಮ ಮನೆಗೆ ಬಂದಿದ್ದಳು. ನೋವು ಕಾಣಿಸಿಕೊಂಡರೆ ಕೋಲಾರದ ಆಸ್ಪತ್ರೆಗೆ ತಾನೇ ಕರೆದುಕೊಂಡು ಹೋಗುವುದಾಗಿ ಗಂಗಾಲಕ್ಷ್ಮಿ ಮಾತು ಕೊಟ್ಟಿದ್ದಳು. ಆಂಬುಲೆನ್ಸ್ ಕರೆಯಬಹುದು, ಆದರೆ ಹುಡುಗಿಗೆ ಗಂಗಕ್ಕನೇ ಬೇಕು. ಈಗ ಗಂಗಕ್ಕನೇ ನಮ್ಮ ಜಗಲಿಗೆ ಬಂದು ತಲೆ ತಗ್ಗಿಸಿ ಕೂತಳು.

"ಬೇರೆ ಗಾಡಿ ನೋಡ್ಕಳಿ ದೊಡ್ಡಮ್ಮ. ಇದನ್ನ ನಂಬ್ಕೊಂಡು ಆ ಮಗೂನ ಹೆಂಗೆ ಕೂರಿಸ್ಕೊಳ್ಳಲಿ?"

ನಾನು ಓದಿದವಳಲ್ಲ, ಆದರೆ ಆ ವ್ಯಾನಿನ ಸದ್ದನ್ನು ದಿನಾ ಬೆಳಿಗ್ಗೆ ಹಾಸಿಗೆಯಲ್ಲೇ ಕೇಳುತ್ತೇನೆ. "ಅದು ಒಂದು ದಿನನಾದ್ರೂ ನರಳಿತೇನೇ?" ಎಂದೆ.

"ಇಲ್ಲ. ಮೊದಲ್ನೇ ಸಲಕ್ಕೇ ಹತ್ಕೊಳ್ಳತ್ತೆ."

"ಮತ್ತೆ?"

"ಆದ್ರೂ ಆ ಅಂಕಿ..." ಎನ್ನುತ್ತ ಎದ್ದು ಹೋದಳು.

ಮಾರನೆಯ ದಿನ ಹೊಸ ಬ್ಯಾಟರಿ ಹಾಕಿಸಲು ಮುಳಬಾಗಿಲಿಗೆ ಹೊರಟಳು. ನಾನೂ ಹತ್ತಿ ಕೂತೆ. ದಾರಿಯಲ್ಲಿ ನನಗೆ ಬೇರೇನು ಕೆಲಸ, ಆ ಅಂಕಿಯನ್ನೇ ನೋಡುತ್ತಿದ್ದೆ. ಹಾಡು ಜೋರಾದಾಗ ಅದು ಇಳಿಯಿತು. ಹಾಡು ನಿಲ್ಲಿಸಲು ಹೇಳಿದೆ, ಅಂಕಿ ಏರಿತು. ಮತ್ತೆ ಹಾಕಿಸಿದೆ, ಇಳಿಯಿತು. ಗಂಗಾಲಕ್ಷ್ಮಿಗೂ ಹುಚ್ಚು ಹಿಡಿಯಿತು. ರಸ್ತೆ ಬದಿಗೆ ನಿಲ್ಲಿಸಿ ಇಬ್ಬರೂ ಹಾಡನ್ನು ಏರಿಸುತ್ತ ಇಳಿಸುತ್ತ ಕೂತೆವು. ಹಾದುಹೋದವರು ಏನಂದುಕೊಂಡರೋ.

ಮುಳಬಾಗಿಲಲ್ಲಿ ಗಾಡಿಗಳ ಕರೆಂಟು ಕೆಲಸ ಮಾಡುವ ಅಮರನಾಥ್, "ಏಮಕ್ಕಾ, ಗಾಡಿ ತೋರಿಸೋಕೆ ಬಂದ್ರಾ, ಹಾಡು ಕೇಳಿಸೋಕೆ ಬಂದ್ರಾ?" ಎಂದು ನಕ್ಕ. ಇಂಜಿನ್ ನಿಲ್ಲಿಸಿ ಗಾಡಿ ಸ್ವಲ್ಪ ಆರಲು ಬಿಟ್ಟು, ಮೀಟರಿನ ಎರಡು ಕಡ್ಡಿಗಳನ್ನು ಬ್ಯಾಟರಿಗೇ ಮುಟ್ಟಿಸಿದ. ಹನ್ನೆರಡು ಪಾಯಿಂಟ್ ಆರು. ಹಾಡು ಹಾಕಿಸಿ, ಸೆಟ್ಟನ್ನು ಹೊರಗೆಳೆದು ಅದರ ಬೆನ್ನಿನ ವೈರಿಗೆ ಮುಟ್ಟಿಸಿದ. ಹನ್ನೆರಡು. ಸೆಟ್ಟಿನ ಮುಖದಲ್ಲಿ ಮಾತ್ರ ಅದೇ ಹನ್ನೊಂದೂವರೆ.

"ನಿಮ್ಮ ಮೀಟರೂ ಸುಳ್ಳು ಹೇಳಲ್ಲ ಅಂತ ಏನು ಗ್ಯಾರಂಟಿ?" ಎಂದಳು ಗಂಗಾಲಕ್ಷ್ಮಿ. ನಮ್ಮ ಹಳೇ ಗಂಗಾಲಕ್ಷ್ಮಿ ಮರಳಿ ಬಂದಳೆಂದು ನನಗೆ ಸಮಾಧಾನವಾಯಿತು. ಅಮರನಾಥ್ ಬೇಸರಿಸಿಕೊಳ್ಳದೆ ಪಕ್ಕದ ಅಂಗಡಿಯಿಂದ ಇನ್ನೊಂದು ಮೀಟರು ತರಿಸಿ ಅವಳ ಕೈಗೇ ಕೊಟ್ಟ. ಅವಳೇ ಮುಟ್ಟಿಸಿದಳು. ಅದೂ ಹಾಗೆಯೇ ಹೇಳಿತು.

"ಬ್ಯಾಟರಿಗೆ ಏನೂ ಆಗಿಲ್ಲಕ್ಕಾ. ಈ ಸೆಟ್ಟು ಬ್ಯಾಟರೀನ ನೋಡೇ ಇಲ್ಲ. ತನ್ನ ಹತ್ರ ಬಂದು ಸೇರಿದ್ದಷ್ಟನ್ನೇ ಅಳೀತದೆ. ಈ ವೈರು ನೋಡಿ, ನೂಲಿನ ಹಂಗೈತೆ. ವೈರನ್ನ ಗಾಡಿ ತಗಡಿಗೆ ಕಚ್ಚಿಸಿರೋ ಈ ಸ್ಕ್ರೂ ತುಕ್ಕು ಹಿಡಿದೈತೆ. ಕರೆಂಟಿನ ಬಲ ದಾರೀಲೇ ಒಂದಿಷ್ಟು ಹೋಗ್ತದೆ. ಹಾಡು ಜೋರು ಮಾಡಿದ್ರೆ ಇನ್ನಷ್ಟು."

ನನಗೆ ತಟ್ಟನೆ ನಮ್ಮ ಮನೆಯ ನಲ್ಲಿ ನೆನಪಾಯಿತು. ಟ್ಯಾಂಕು ತುಂಬಿ ಚೆಲ್ಲುತ್ತಿದ್ದರೂ ಬೀದಿಯ ಕೊನೆಯ ನಮಗೆ ದಾರದಷ್ಟು ನೀರು. ಮೇಲಿನ ಮನೆಯವರು ತಿರುಗಿಸಿದರೆ ಅದೂ ಇಲ್ಲ. ನಾನದನ್ನು ಹೇಳಿದಾಗ ಅಮರನಾಥ್, "ಅಷ್ಟೇ ಅಜ್ಜೀ," ಎಂದು ದಪ್ಪ ವೈರು ಎಳೆದು, ತುಕ್ಕು ಉಜ್ಜಿ, ಸ್ಕ್ರೂ ಬಿಗಿದ. ಅಂಕಿ ಹನ್ನೆರಡಕ್ಕೆ ಏರಿತು.

"ಇನ್ನೂ ಅರ್ಧ ಎಲ್ಲಿ?" ಗಂಗಾಲಕ್ಷ್ಮಿ ಬಿಡಲಿಲ್ಲ.

"ಅದು ಆ ಸೆಟ್ಟಿನ ಹುಟ್ಟುಗುಣ ಅಕ್ಕಾ. ನಾನೇನೂ ಮಾಡಕ್ಕಾಗಲ್ಲ."

ಬ್ಯಾಟರಿ ಕೊಳ್ಳದೆಯೇ ಹಿಂದಿರುಗಿದೆವು. ಅಂದು ಸಂಜೆ ವ್ಯಾನು ದಿಬ್ಬ ಹತ್ತಲಿಲ್ಲ. ನಮ್ಮ ಮನೆಯ ಮುಂದಿನ ಸಮತಟ್ಟಿನಲ್ಲೇ ನಿಂತಿತು. ಭಾರತಮ್ಮ ಬಾಗಿಲಿಗೆ ಬಂದು ನೋಡಿ ಒಳಗೆ ಹೋದಳು.

ಶ್ವೇತಳಿಗೆ ನೋವು ಬಂದದ್ದು ಒಂದು ಮಧ್ಯಾಹ್ನ, ಮುದ್ದೆ ತಟ್ಟೆಗೆ ಬಿದ್ದ ಹೊತ್ತಿಗೆ. ಗಂಗಾಲಕ್ಷ್ಮಿ ಕೈ ತೊಳೆಯದೆಯೇ ಓಡಿ ಬಂದಳು. ನಾನು ಮೊಮ್ಮಗಳನ್ನು ಹಿಂದೆ ಒರಗಿಸಿ ಹಿಡಿದುಕೊಂಡೆ. ಬೀಗದಕೈ ಪೂರ್ತಿ ತಿರುಗುವ ಮೊದಲೇ ಸೆಟ್ಟು ಬೆಳಗಿತು. ಹುಡುಗಿ ಹಲ್ಲು ಕಚ್ಚಿಕೊಂಡೇ ಅತ್ತ ನೋಡಿದಳು.

"ಗಂಗಕ್ಕಾ, ಹನ್ನೆರಡೇ ತೋರಿಸ್ತೈತೆ!"

"ಅದಕ್ಕೇನು ಗೊತ್ತು? ನೀನು ಉಸಿರು ಬಿಡೇ," ಎಂದು ಗಂಗಾಲಕ್ಷ್ಮಿ ಬೀಗದಕೈ ತಿರುಗಿಸಿದಳು. ವ್ಯಾನು ಒಂದೇ ಸಲಕ್ಕೆ ಹತ್ತಿಕೊಂಡಿತು.