ಎಗರ್ಟ್ ಬರೆದ ಐದು

ಜೋನಿನಾ ಮೊದಲ ಸಲ ಎಗರ್ಟನ ಅಂಗಡಿಗೆ ಬಂದದ್ದು ೧೯೯೯ರ ನವೆಂಬರಿನಲ್ಲಿ, ಕೆನಡಾದ ವಿನ್ನಿಪೆಗ್ ಸರೋವರದ ಅಂಚು ಹೆಪ್ಪುಗಟ್ಟತೊಡಗಿದ ವಾರ. ಅವಳ ಕೈಯಲ್ಲಿ ಕೇಕಿನ ದೊಡ್ಡ ತಗಡಿನ ಡಬ್ಬಿಯಿತ್ತು. ತಿನ್ನಲು ಏನೋ ತಂದಿದ್ದಾಳೆಂದು ಎಗರ್ಟ್ ಕಾಫಿ ಲೋಟವನ್ನು ಸರಿಸಿ ಮೇಜಿನ ಮೇಲೆ ಜಾಗ ಮಾಡಿದ. ಮುಚ್ಚಳ ತೆಗೆದರೆ ಒಳಗಿದ್ದದ್ದು ಉಣ್ಣೆಯ ಶಾಲು ಸುತ್ತಿದ, ಚರ್ಚಿನ ಲ್ಯಾಪ್‌ಟಾಪ್.

“ಚಳಿ ತಾಗಬಾರದು ಅಂತ ಹೊದಿಸ್ಕೊಂಡು ಬಂದೆ,” ಎಂದಳು. “ಒಂದು ತಿಂಗಳಿಂದ ಇದಕ್ಕೆ ಗಂಟಲು ಕಟ್ಟಿದೆ. ಹಾಡು ಎರಡನೇ ಸಾಲಿಗೆ ಬಂತು ಅಂದ್ರೆ ಒಂದೇ ಚೂರನ್ನ ಮತ್ತೆ ಮತ್ತೆ ಹೇಳುತ್ತೆ, ಆಮೇಲೆ ಸುಮ್ಮನಾಗಿಬಿಡುತ್ತೆ. ಥೇಟ್ ನಮ್ಮ ಪಕ್ಕದ್ಮನೆ ಸ್ಟೆಬ್ಬಿ ಕುಡಿದು ಹಾಡಿದ ಹಾಗೆ.”

ಜೋನಿನಾಳಿಗೆ ಆಗ ಅರವತ್ತೆಂಟು. ಮೂವತ್ತು ವರ್ಷ ಊರಿನ ಅಂಚೆ ಕಚೇರಿಯಲ್ಲಿದ್ದವಳು. ಒಂದು ಕಾಗದವನ್ನೂ ತಪ್ಪು ಗೂಡಿಗೆ ಹಾಕಿದವಳಲ್ಲ. ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ಮುದುಕ ತೀರಿಕೊಂಡ ಮೇಲೆ, ಅವನ ಮಗಳು ಹಾಡುಗಳ ವಾದ್ಯಸಂಗೀತವನ್ನೆಲ್ಲ ಈ ಯಂತ್ರಕ್ಕೆ ತುಂಬಿಕೊಟ್ಟಿದ್ದಳು. ಭಾನುವಾರ ಅದರ ಮುಂದೆ ಕುಳಿತು, ಪಾದ್ರಿ ತಲೆಯಾಡಿಸಿದಾಗ ಗುಂಡಿ ಒತ್ತುವುದು ಜೋನಿನಾಳ ಕೆಲಸ. ಅದಕ್ಕೆಂದೇ ಅವಳು ಕಡುನೀಲಿ ಬಣ್ಣದ ಉಡುಪೊಂದನ್ನು ಹೊಲಿಸಿಕೊಂಡಿದ್ದಳು.

ಎಗರ್ಟ್ ಊರಿಗೆ ಹೊಸಬ. ಹತ್ತು ವರ್ಷ ಮೀನುಗಾರರ ಸಹಕಾರ ಸಂಘದಲ್ಲಿ ಹಳೆಯ ಕಂಪ್ಯೂಟರುಗಳನ್ನು ನೋಡಿಕೊಂಡು, ಆ ವಸಂತದಲ್ಲಷ್ಟೇ ಇಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ. ಅವನದೊಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಯಾವ ಯಂತ್ರ ಬಂದರೂ ಅದಕ್ಕೆ ಹೊರಗಿನಿಂದ ಸಿಕ್ಕಿಸಿದ್ದನ್ನೆಲ್ಲ ಮೊದಲು ಕಿತ್ತು ಪಕ್ಕಕ್ಕಿಡುವುದು, ಆಮೇಲೆ ಪರೀಕ್ಷೆ ಮಾಡುವುದು. ಅಂದೂ ಹಾಗೆಯೇ ಮಾಡಿದ. ಪಕ್ಕದ ಸೀಳಿನಲ್ಲಿದ್ದ ಮೋಡೆಮ್ ಕಾರ್ಡನ್ನು ಎಳೆದು ಮೇಜಿನ ಮೇಲಿಟ್ಟ. ಪಾದ್ರಿಗೆ ಪತ್ರಗಳು ದೂರವಾಣಿಯ ತಂತಿಯಲ್ಲಿ ಬರಲೆಂದು ಅಕ್ಟೋಬರಿನಲ್ಲಿ ಅವನೇ ಕೂರಿಸಿಕೊಟ್ಟಿದ್ದ ಕಾರ್ಡು ಅದು. ಹಾಡು ಹಾಕಿದ. ನಾಲ್ಕು ಚರಣಗಳೂ ನೀರು ಹರಿದಂತೆ ಬಂದವು.

“ಏನೂ ಆಗಿಲ್ಲ ಇದಕ್ಕೆ,” ಎಂದು ಕಾರ್ಡನ್ನು ಮತ್ತೆ ಸಿಕ್ಕಿಸಿ, ಶಾಲು ಹೊದಿಸಿ ಕೊಟ್ಟ.

ಭಾನುವಾರ ಮತ್ತೆ ಗಂಟಲು ಕಟ್ಟಿತು. ಸೋಮವಾರ ಡಬ್ಬಿ ಮತ್ತೆ ಬಂತು, ಮರುವಾರವೂ ಬಂತು. ಅಂಗಡಿಯಲ್ಲಿ ಮಾತ್ರ ಅದು ಪ್ರತಿ ಸಲವೂ ಚೆನ್ನಾಗಿಯೇ ಹಾಡಿತು.

“ನಿನ್ನ ಹತ್ರ ಮಾತ್ರ ಹಾಡುತ್ತಲ್ಲಪ್ಪ ಇದು,” ಎಂದಳು ಜೋನಿನಾ. “ಒಂದು ಸಲ ಚರ್ಚಿಗೇ ಬಂದು ನೋಡಬಾರದಾ?”

“ಯಂತ್ರಕ್ಕೆ ಜಾಗದ ಗೊಡವೆ ಇಲ್ಲ, ಜೋನಿನಾ.”

ಡಿಸೆಂಬರಿನ ಮೊದಲ ಭಾನುವಾರ ಎಗರ್ಟ್ ಚರ್ಚಿಗೆ ಹೋದದ್ದು ಪ್ರಾರ್ಥನೆ ಮುಗಿಯುವ ಹೊತ್ತಿಗೆ, ಕಾಫಿಗೆಂದು. ಆ ದಿನ, ಹಿಂದೆ ಸರೋವರದಲ್ಲಿ ಮುಳುಗಿಹೋಗಿದ್ದ ಮೀನುಗಾರನೊಬ್ಬನ ನೆನಪಿನ ಹಾಡು ಅರ್ಧಕ್ಕೆ ನಿಂತು, ಅವನ ಹೆಂಡತಿ ಅಳುತ್ತಾ ಹೊರನಡೆದಿದ್ದಳು. ಪಾದ್ರಿ ನಲವತ್ತು ಜನರ ನಡುವೆಯೇ ಕೇಳಿದರು: “ಎಗರ್ಟ್, ಏನಾಗಿದೆ ಇದಕ್ಕೆ?”

ಎಗರ್ಟ್ ಸಕ್ಕರೆಯ ತುಂಡನ್ನು ಹಲ್ಲಿನಲ್ಲಿ ಹಿಡಿದು ಕಾಫಿ ಹೀರಿ ಹೇಳಿದ: “ಯಂತ್ರಕ್ಕೆ ಏನೂ ಆಗಿಲ್ಲ. ಒತ್ತಬಾರದ್ದನ್ನ ಯಾರೋ ಒತ್ತುತಾ ಇದಾರೆ. ಬೆರಳಿಗೂ ವಯಸ್ಸಾಗುತ್ತೆ ನೋಡಿ.”

ಕೆಲವರು ನಕ್ಕರು. ಜೋನಿನಾ ನಗಲಿಲ್ಲ. ಕೇಕ್ ಕೊಯ್ಯುತ್ತಿದ್ದ ಚಾಕುವನ್ನು ಒರೆಸಿಟ್ಟು, ಕೋಟು ಹಾಕಿಕೊಂಡು ಹೊರಟುಹೋದಳು. ಮುಂದಿನ ಭಾನುವಾರ ಅವಳು ಕುಳಿತದ್ದು ಕೊನೆಯ ಸಾಲಿನಲ್ಲಿ, ಕಂದು ಬಣ್ಣದ ಹಳೆಯ ಉಡುಪಿನಲ್ಲಿ. ಯಂತ್ರದ ಮುಂದೆ ಕೂರಲು ಪಾದ್ರಿ ಎಗರ್ಟನನ್ನೇ ಕರೆದರು.

ಪಾದ್ರಿ ತಲೆಯಾಡಿಸಿದರು. ಎಗರ್ಟ್ ಗುಂಡಿ ಒತ್ತಿದ. ಎರಡನೆಯ ಸಾಲಿನಲ್ಲಿ ಅದೇ ಚೂರು, ಅದೇ ಚೂರು, ಅದೇ ಚೂರು, ಆಮೇಲೆ ಮೌನ.

ಎಗರ್ಟ್ ಯಂತ್ರದ ಭಾಗಗಳ ಪಟ್ಟಿಯನ್ನು ಪರದೆಯ ಮೇಲೆ ತೆರೆದು ನೋಡಿದ. ಯಂತ್ರದ ಪ್ರತಿಯೊಂದು ಭಾಗಕ್ಕೂ ಒಂದು ಕರೆಯ ಸಂಖ್ಯೆಯಿರುತ್ತದೆ. ಕೆಲಸ ಬಿದ್ದಾಗ ಆ ಸಂಖ್ಯೆಯಲ್ಲಿ ಕರೆದು, ಮಾಡುತ್ತಿರುವುದನ್ನು ನಿಲ್ಲಿಸಿ ತನ್ನ ಕಡೆ ನೋಡೆಂದು ಆ ಭಾಗ ಯಂತ್ರಕ್ಕೆ ಹೇಳುತ್ತದೆ. ಆ ಕಾಲದ ಯಂತ್ರದಲ್ಲಿ ಇಬ್ಬರು ಒಂದೇ ಸಂಖ್ಯೆ ಹಿಡಿದು ಕರೆದರೆ, ಒಬ್ಬನ ಕರೆ ಕೇಳಿಸದೆ ಹೋಗುತ್ತಿತ್ತು. ಧ್ವನಿಯ ಸಂಖ್ಯೆ ಐದು. ಮೋಡೆಮ್ಮಿನ ಸಂಖ್ಯೆಯೂ ಐದು. ಕಾರ್ಡಿನ ಅಂಚಿಗೆ ಅಂಟಿಸಿದ್ದ ಬಿಳಿಯ ಪಟ್ಟಿಯ ಮೇಲೂ ಐದು ಎಂದಿತ್ತು, ಅವನದೇ ಕೈಬರಹದಲ್ಲಿ.

ಸಂಘದ ಹಳೆಯ ಯಂತ್ರಗಳಿಗೆ ಧ್ವನಿಯೇ ಇರಲಿಲ್ಲ. ಅಲ್ಲಿ ಐದು ಯಾವಾಗಲೂ ಖಾಲಿ. ಹತ್ತು ವರ್ಷ ಕೈಯಾರೆ ಐದನ್ನು ಕೊಟ್ಟ ಅಭ್ಯಾಸ ಇಲ್ಲಿಯೂ ಕೈಗೆ ಬಂದಿತ್ತು. ಯಂತ್ರ ತಾನೇ ಆರಿಸಿಕೊಳ್ಳುತ್ತೇನೆಂದರೂ ಅವನು ಬಿಟ್ಟಿರಲಿಲ್ಲ. ಈ ಸಂಖ್ಯೆಯನ್ನು ಇನ್ನೊಬ್ಬರು ಹಿಡಿದಿದ್ದಾರೆ, ಆದರೂ ಕೊಡಲೇ ಎಂದು ಅದು ಕೇಳಿತ್ತು. ಪೂರ್ತಿ ಓದದೆ ಹೌದೆಂದು ಒತ್ತಿದ್ದ. ಅಂಗಡಿಯಲ್ಲಿಯಂತೂ ಮೂರು ಸಲವೂ ರೋಗವನ್ನೇ ಮೊದಲು ಕಿತ್ತಿಟ್ಟು, ಆಮೇಲೆ ರೋಗವಿಲ್ಲವೆಂದು ಹೇಳಿ ಕಳುಹಿಸಿದ್ದ.

ಮೋಡೆಮ್ಮಿಗೆ ಹತ್ತನ್ನು ಕೊಟ್ಟು, ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದ. ಹಾಡು ಕೊನೆಯವರೆಗೂ ಬಂತು. ಜೋನಿನಾ ಒತ್ತಿ ಕೆಡಿಸಿಟ್ಟದ್ದನ್ನು ಅವನು ಸರಿಪಡಿಸಿದನೆಂದೇ ಜನ ತಿಳಿದರು.

“ನೋಡಿದ್ರಾ,” ಎಂದ ಸ್ಟೆಬ್ಬಿ ಕಾಫಿಯ ಹೊತ್ತಿನಲ್ಲಿ, ಎಗರ್ಟನ ಬೆನ್ನು ತಟ್ಟುತ್ತಾ. “ಕೈ ಬದಲಾದ್ರೆ ಸಾಕು.”

ಆಗ ಹೇಳಬಹುದಿತ್ತು. ಎಗರ್ಟ್ ಲೋಟದೊಳಗೆ ನೋಡುತ್ತಾ ನಿಂತ. ಏಳು ವಾರ ಹಾಗೆಯೇ ಕಳೆದವು. ಪ್ರತಿ ಭಾನುವಾರ ಅವನು ಆ ಕುರ್ಚಿಯಲ್ಲಿ ಕುಳಿತ. ಪ್ರತಿ ಭಾನುವಾರ ಜೋನಿನಾ ಕೊನೆಯ ಸಾಲಿನಲ್ಲಿ ಪುಸ್ತಕ ತೆರೆದು ಮೆಲ್ಲಗೆ ಹಾಡಿದಳು. ಅವಳ ಕಡೆ ತಿರುಗಲಾರದೆ ಅವನು ಸ್ಪೀಕರುಗಳನ್ನು ನೋಡುತ್ತಿದ್ದ.

ಕೊನೆಗೊಂದು ಶನಿವಾರ ಅವಳ ಮನೆಯ ಬಾಗಿಲು ತಟ್ಟಿದ. ಅಡಿಗೆಮನೆಯಲ್ಲಿ ಕುಳಿತು ಎಲ್ಲವನ್ನೂ ಹೇಳಿದ. ಜೋನಿನಾ ವಿನಾರ್ತೆರ್ತ ಎಂಬ ಐಸ್‌ಲ್ಯಾಂಡಿನ ಕೇಕಿನ ಪದರಗಳಿಗೆ ಒಣಪ್ಲಮ್ಮಿನ ಲೇಹ್ಯ ಸವರುತ್ತಲೇ ಕೇಳಿದಳು.

“ಮುಗೀತಾ?”

“ಮುಗೀತು. ನನ್ನಿಂದ ತಪ್ಪಾಯ್ತು, ಜೋನಿನಾ.”

“ಬೆರಳಿಗೆ ವಯಸ್ಸಾಗಿದೆ ಅಂತ ಎಷ್ಟು ಜನರ ಮುಂದೆ ಅಂದೆ?”

“ನಲವತ್ತು ಇರಬಹುದು.”

“ನನ್ನ ಅಡಿಗೆಮನೇಲಿ ಎಷ್ಟು ಜನ ಇದಾರೆ? ಎಣಿಸು.”

ಅವಳು ಕೇಕಿನ ಮೇಲೆ ಮತ್ತೊಂದು ಪದರವಿಟ್ಟು ಅಂಚನ್ನು ಸರಿಮಾಡಿದಳು. “ಕಾಫಿ ಕುಡಿದು ಹೋಗು,” ಎಂದಳು. ಕೇಕ್ ಕೊಡಲಿಲ್ಲ.

ಮರುದಿನ ಹಾಡಿಗೆ ಮೊದಲು ಎಗರ್ಟ್ ಎದ್ದು ನಿಂತ. ಚೆನ್ನಾಗಿ ಹೇಳಲು ಅವನಿಂದಾಗಲಿಲ್ಲ. ಸಂಖ್ಯೆ, ಕರೆ, ಕಾರ್ಡು ಎಂದೆಲ್ಲ ತೊದಲಿದ. ಯಾರಿಗೂ ಅರ್ಥವಾಗದಿದ್ದುದನ್ನು ಕಂಡು ಸೀಳಿನಿಂದ ಕಾರ್ಡನ್ನು ಕಿತ್ತು ಮೇಲೆತ್ತಿ ಹಿಡಿದ. “ಈ ಐದು ನಾನು ಬರೆದದ್ದು. ತಪ್ಪು ನನ್ನ ಬೆರಳಿಂದು. ಜೋನಿನಾಳದ್ದಲ್ಲ. ಗೊತ್ತಾಗಿ ಏಳು ವಾರ ಆಯ್ತು, ಬಾಯಿ ಬಿಡಲಿಲ್ಲ.”

ಮುಳುಗಿದ ಮೀನುಗಾರನ ಹೆಂಡತಿ ಎರಡನೆಯ ಸಾಲಿನಲ್ಲಿದ್ದಳು. ಅವಳು ಅವನನ್ನು ನೋಡಿದ ಬಗೆಯನ್ನು ಎಗರ್ಟ್ ಇಂದಿಗೂ ಮರೆತಿಲ್ಲ. ಹಿಂದಿನಿಂದ ಬೂಟುಗಳ ಸದ್ದಾಯಿತು. ಜೋನಿನಾ ನಡೆದುಬಂದು ಕುರ್ಚಿಯ ಪಕ್ಕ ನಿಂತಳು.

“ಎದ್ದೇಳು ಅನ್ನಬೇಕಾ? ನಿಂತೇ ಇದೀಯ. ಹಾಗೇ ಪಕ್ಕಕ್ಕೆ ಸರಿ,” ಎಂದಳು.

ಆ ಮೇಲೆ ಹನ್ನೊಂದು ವರ್ಷ, ತಾನು ಬದುಕಿದ್ದಷ್ಟು ಕಾಲವೂ, ಅವಳು ಆ ಕುರ್ಚಿಯಲ್ಲಿ ಕುಳಿತಳು.

ಎಗರ್ಟನಿಗೆ ಈಗ ಎಪ್ಪತ್ತೈದು. ಅಂತಹ ಕಾರ್ಡುಗಳೂ ಇಲ್ಲ, ಸಂಖ್ಯೆಗಾಗಿ ಜಗಳವಾಡುವ ಯಂತ್ರಗಳೂ ಇಲ್ಲ. ಅವನು ಅಂಗಡಿ ಮುಚ್ಚಿದ್ದಾನೆ. ಯಾರಾದರೂ ಕರೆದರೆ ಮನೆಗೇ ಹೋಗುತ್ತಾನೆ. ಕಳೆದ ವಾರ ಶಾಲೆಯ ಹೊಸ ಉಪಾಧ್ಯಾಯಿನಿಯ ಲ್ಯಾಪ್‌ಟಾಪ್ ಮೂಕವಾಗಿತ್ತು. ಅದಕ್ಕೆ ಸಿಕ್ಕಿಸಿದ್ದ ತಂತಿಯೊಂದರ ಕಡೆಗೆ ಅವನ ಕೈ ತಾನಾಗಿಯೇ ಹೋಯಿತು. ಅರ್ಧದಲ್ಲೇ ತಡೆದು, ಕೈಯನ್ನು ಕೋಟಿನ ಜೇಬಿನೊಳಗೆ ಇಳಿಸಿದ.

“ನೀನು ದಿನಾ ಹೇಗೆ ಮಾಡ್ತೀಯೋ ಹಾಗೇ ಮಾಡಿ ತೋರಿಸಮ್ಮ,” ಎಂದು ಅವಳ ಪಕ್ಕದಲ್ಲಿ ಕುಳಿತ. “ನನಗೇನೂ ಅವಸರ ಇಲ್ಲ.”