ಗುಬ್ಬಿಗೂ ಕುಣಿಗಲ್‌ಗೂ ಒಂದೇ ಪ್ರೋಗ್ರಾಂ

ಮಕ್ಕಳೇ, ನಿಮ್ಮ ತಾತ ತೀರಿಕೊಂಡ ಮೇಲೆ ನಾನು ಆಗಿನ್ನೂ ಪುಟ್ಟ ಹುಡುಗಿಯಾಗಿದ್ದ ನಿಮ್ಮಮ್ಮನನ್ನು ಕರೆದುಕೊಂಡು ತುಮಕೂರಿನ ಶೆಟ್ಟಿಹಳ್ಳಿಗೆ, ಭಾವನ ಮನೆಗೆ ಬಂದೆ. ಅಲ್ಲಿ ಯಾರೂ ನನ್ನನ್ನು ಬೈಯುತ್ತಿರಲಿಲ್ಲ. ಆದರೆ ಟೀವಿ ಹಾಕಲೂ ಇನ್ನೊಂದು ಲೋಟ ಕಾಫಿ ಕುಡಿಯಲೂ ಇನ್ನೊಬ್ಬರ ಮುಖ ನೋಡಬೇಕಿತ್ತು. ಹಳ್ಳಿ ಶಾಲೆಯಲ್ಲಿ ಓದಿದವಳು ಕಂಪ್ಯೂಟರ್ ಕೋರ್ಸ್ ಮುಗಿಸಿ, ಒಂದು ಸಣ್ಣ ಆಫೀಸಿನಲ್ಲಿ ಪ್ರೋಗ್ರಾಂ ಬರೆಯಲು ಸೇರಿದೆ.

ತೆಂಗಿನಕಾಯಿ ಮಂಡಿಗಳಿಗೆ ಬಿಲ್ ಮಾಡುವ ಸಾಫ್ಟ್‌ವೇರ್ ನಮ್ಮದು. ಗುಬ್ಬಿಯ ಮಂಡಿಯಲ್ಲಿ ಒಂದು ಕಂಪನಿಯ ಫ್ರೇಮ್‌ವರ್ಕ್ ಇತ್ತು. ಕುಣಿಗಲ್‌ನವರು ಅದರ ಎದುರಾಳಿಯದನ್ನು ಕೊಂಡಿದ್ದರು. ಫ್ರೇಮ್‌ವರ್ಕ್ ಅಂದರೆ ನಾವು ಬರೆದ ಪ್ರೋಗ್ರಾಂ ತುಂಡುಗಳನ್ನು ಕೂರಿಸುವ ಚೌಕಟ್ಟು. ಎರಡೂ ಕಂಪನಿಯವರು ಒಂದೇ ಸ್ಟ್ಯಾಂಡರ್ಡ್, ಅಂದರೆ ಎಲ್ಲರೂ ಒಪ್ಪಿದ ನಿಯಮ, ಪಾಲಿಸುತ್ತೇವೆ ಎನ್ನುತ್ತಿದ್ದರು, ಪಾಲಿಸುತ್ತಲೂ ಇದ್ದರು. ಆದರೆ ಮಂಡಿಯಲ್ಲಿ ಕಾಯಿ ಎಣಿಸಿದ ಮೇಲೆ ಕೊಸರು ಹಾಕುವಂತೆ, ಪ್ರತಿಯೊಬ್ಬರೂ ಅದರ ಮೇಲೆ ತಮ್ಮದೊಂದಿಷ್ಟು ಅನುಕೂಲ ಸೇರಿಸಿ ಕೊಡುತ್ತಿದ್ದರು. ಆ ಕೊಸರನ್ನು ಬಳಸಿದ ತುಂಡು ಇನ್ನೊಬ್ಬರ ಚೌಕಟ್ಟಿನಲ್ಲಿ ಕೂರುತ್ತಿರಲಿಲ್ಲ.

ಕುಣಿಗಲ್ ನನ್ನ ತವರು. "ನೀನು ಗುಬ್ಬಿಗೆ ಬರೀತಿರೋ ಕಾಯಿ ಲೆಕ್ಕದ ತುಂಡು ಅಲ್ಲೂ ನಡೆದ್ರೆ ಆ ಊರಿನ ಕೆಲಸ ಶುರು ಮಾಡಾಣ," ಎಂದಿದ್ದರು ಮಾಲೀಕರು. ಶುರುವಾದರೆ ನನ್ನನ್ನೇ ಕಳಿಸುತ್ತಾರೆ, ನಿಮ್ಮಮ್ಮನ ಜೊತೆ ಒಂದು ರೂಮು ಹಿಡಿದು ಇರಬಹುದು ಎಂದು ನಾನೇ ಅಂದುಕೊಂಡೆ. ಬಾಯಿಬಿಟ್ಟು ಕೇಳಲಿಲ್ಲ.

ನಾನು ಆ ಕೊಸರನ್ನು ಬಳಸದೆ ಬರೆಯುವುದನ್ನು ನೋಡಿ ಪಕ್ಕದ ಟೇಬಲ್ಲಿನವಳು ನಗುತ್ತಿದ್ದಳು. "ಏನಕ್ಕ, ಪುಕ್ಕಟೆ ಕೊಡೋದ್ನೂ ಮುಟ್ಟಲ್ಲ ಅಂತೀರ! ಒಂದು ಸಾಲಲ್ಲಿ ಮುಗಿಯೋದಕ್ಕೆ ಒಂದು ಪುಟ ಬರೀತಾ ಕೂತಿದೀರಲ್ಲ."

"ಮುಟ್ಟಿದ್ರೆ ಇದು ಗುಬ್ಬಿ ಬಿಟ್ಟು ಕದಲಲ್ಲ ಕಣೇ."

ಫ್ರೇಮ್‌ವರ್ಕ್ ಜೊತೆ ಮಾತಾಡುವುದನ್ನೆಲ್ಲ ಬೇರೊಂದು ತೆಳು ತುಂಡಿಗೆ ಬಿಟ್ಟೆ. ಲೆಕ್ಕದ ತುಂಡಿಗೆ ತಾನು ಯಾರ ಚೌಕಟ್ಟಿನಲ್ಲಿದ್ದೇನೆ ಎಂಬುದೇ ಗೊತ್ತಾಗಬಾರದು. ಕುಣಿಗಲ್‌ನವರ ಫ್ರೇಮ್‌ವರ್ಕನ್ನು ನಮ್ಮ ಆಫೀಸಿನಲ್ಲೇ ಹಾಕಿ ನೋಡಿದ ದಿನ, ತೆಳು ತುಂಡನ್ನಷ್ಟೇ ಬದಲಿಸಿದೆ. ಮೊದಲ ಬಿಲ್ಲೇ ಸರಿಯಾಗಿ ಬಂತು. ಮಾಲೀಕರನ್ನು ಕರೆದು ತೋರಿಸಿದೆ.

ಮಾಲೀಕರು ಹಿಗ್ಗಿದರು. "ಭೇಷ್ ಕಣಮ್ಮ! ಹಿಂಗಿದ್ರೆ ಅಲ್ಲಿಗೆ ಯಾರೂ ಹೋಗಿ ಕೂರೋದೇ ಬ್ಯಾಡ. ಸೀಡಿ ಕಳಿಸಿದ್ರೆ ಮಂಡಿಯೋರೇ ಹಾಕ್ಕಂತಾರೆ. ನೀನು ಇಲ್ಲೇ ಇರು, ತಿಪಟೂರೋರೂ ಕೇಳ್ತಾವ್ರೆ."

ನಾನೇ ಹೋಗುತ್ತೇನೆ ಎನ್ನಬೇಕೆಂದಿದ್ದೆ.

"ಆಯ್ತು ಸಾರ್," ಎಂದೆ.

ಸೀಡಿ ಬಸ್ ಕಂಡಕ್ಟರ್ ಕೈಯಲ್ಲಿ ಕುಣಿಗಲ್‌ಗೆ ಹೋಯಿತು. ನಾನು ಶೆಟ್ಟಿಹಳ್ಳಿಗೆ ನಡೆದೆ. ಬಾಗಿಲು ತೆಗೆದ ಓರಗಿತ್ತಿ, "ಯಾಕೆ ಇಷ್ಟೊತ್ತು? ಅನ್ನಕ್ಕಿಡ್ಬೇಕು," ಎಂದರು. ಸೀರೆ ಬದಲಾಯಿಸಿ ಅಕ್ಕಿ ತೊಳೆಯಲು ಕುಳಿತೆ.