ನಿನ್ನೆಯ ಚಟ್ನಿ

ಮುಳಬಾಗಿಲಿನಲ್ಲಿ ಬಸ್ಸುಗಳು ನಿಲ್ಲುವ ಬೀದಿಯಲ್ಲಿ ನಮ್ಮದೊಂದು ಸಣ್ಣ ಹೋಟೆಲಿತ್ತು. ನಮ್ಮ ಯಜಮಾನರು ದೋಸೆ ಹುಯ್ಯುತ್ತಿದ್ದರು. ಒಳಗೆ ಕೂತು ಹಿಟ್ಟು, ಚಟ್ನಿ ರುಬ್ಬುವುದು ನನ್ನ ಪಾಲು. ಯಾವತ್ತು ಬಂದರೂ ಅದೇ ರುಚಿ ಎಂದು ಬೈರಕೂರಿನ ಕಡೆಯವರು ಸಂತೆಗೆ ಬಂದಾಗ ನಮ್ಮಲ್ಲೇ ತಿನ್ನುತ್ತಿದ್ದರು.

ಯುದ್ಧದ ಕಾಲಕ್ಕೆ ಅಕ್ಕಿ ಸಿಗದಂತಾಯಿತು. ರೇಷನ್ನಿನ ಮುಗ್ಗಲು ಅಕ್ಕಿಗೆ ರಾಗಿ ಸೇರಿಸಿ ರುಬ್ಬಿದೆ. ದೋಸೆ ಕಪ್ಪಗಾಯಿತು. ಕೆಲವರು ತಟ್ಟೆ ತಳ್ಳಿ ಎದ್ದುಹೋದರು. ಗಿರಾಕಿ ಕಡಿಮೆಯಾದಂತೆ ಚಟ್ನಿ ಉಳಿಯತೊಡಗಿತು. ಯಜಮಾನರು ಅದಕ್ಕೆ ಹುಣಸೆಹಣ್ಣು ಹಿಂಡಿ, ಹೊಸ ಒಗ್ಗರಣೆ ಕೊಟ್ಟು ಮಾರನೆಯ ದಿನ ಬಡಿಸತೊಡಗಿದರು. ಬೇಡವೆಂದೆ.

"ಈ ಕಾಲ್ದಲ್ಲಿ ತಿನ್ನೋದನ್ನ ಯಾರಾದ್ರೂ ಚೆಲ್ತಾರೇನೇ?" ಎಂದರು. ಅವರು ದುಷ್ಟರಲ್ಲ, ಹೆದರಿದ್ದರು. ಅದು ಗೊತ್ತಿದ್ದೇ ನನಗೆ ಬಾಯಿ ಕಟ್ಟಿದಂತಾಗುತ್ತಿತ್ತು.

ಕೋಲಾರದ ಬಸ್ಸಿನ ಡ್ರೈವರೊಬ್ಬರು ದಿನವೂ ನಮ್ಮಲ್ಲೇ ತಿಂಡಿ ತಿನ್ನುತ್ತಿದ್ದರು. ವಯಸ್ಸಾದವರು, ಮಾತು ಕಡಿಮೆ. ಒಂದು ಬೇಸಿಗೆಯಲ್ಲಿ ಅವರು ಬರುವುದು ನಿಂತಿತು. ನಮ್ಮಲ್ಲಿ ತಿಂಡಿ ತಿಂದು ಹೊರಟವರಿಗೆ ದಾರಿಯಲ್ಲೇ ವಾಂತಿಯಾಗಿ, ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ ಮರದಡಿ ಮಲಗಿಬಿಟ್ಟರಂತೆ; ಪ್ರಯಾಣಿಕರೆಲ್ಲ ಮಕ್ಕಳುಮರಿ ಕಟ್ಟಿಕೊಂಡು ಬಿಸಿಲಲ್ಲಿ ನಡೆದರಂತೆ. ಕಂಡಕ್ಟರ್ ಬಂದು ಹೇಳಿದಾಗ ಯಜಮಾನರು ಹಂಚಿನಿಂದ ಕಣ್ಣೆತ್ತಲಿಲ್ಲ.

ಹುಷಾರಾದ ಮೇಲೆ ಡ್ರೈವರ್ ಬಂದರು. ಕೂಗಾಡಲಿಲ್ಲ, ಬೆಂಚಿನ ಮೇಲೆ ಕೂತರು.

"ದೋಸೆ ಕಪ್ಪಗಿದ್ರೂ ತಿಂತೀನಿ ಸ್ವಾಮಿ. ಅಕ್ಕಿ ನೀವಾದ್ರೂ ಎಲ್ಲಿಂದ ತರ್ತೀರಾ? ಆದ್ರೆ ಇಲ್ಲಿ ತಿಂದು ಬಸ್ ಹತ್ತಿದ್ರೆ ಕೋಲಾರ ಸೇರ್ತೀನಿ ಅನ್ನೋ ನಂಬಿಕೆ ಬೇಕಲ್ವಾ?"

ನಾನು ಒಳಗಿನಿಂದ ನಿನ್ನೆಯ ಚಟ್ನಿಯ ಪಾತ್ರೆ ತಂದು, ಡ್ರೈವರ್ ಮತ್ತು ಯಜಮಾನರ ಎದುರಿಗೇ ಮೋರಿಗೆ ಸುರಿದೆ.

ಅಂದಿನಿಂದ ಉಳಿದದ್ದನ್ನು ಬಡಿಸಲಿಲ್ಲ. ಕಾಯಿ ಸಿಗದ ದಿನ ಚಟ್ನಿ ಇಲ್ಲವೆಂದು ಮೊದಲೇ ಹೇಳುತ್ತಿದ್ದೆವು. ಯಜಮಾನರು ಎಷ್ಟೋ ದಿನ ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಗಿರಾಕಿಯೆದುರು ಮರ್ಯಾದೆ ಕಳೆದೆನೆಂಬ ನೋವು ಅವರಿಗೆ. ಬೇರೆ ದಾರಿ ಯಾವುದಿತ್ತೋ ನನಗೆ ಇಂದಿಗೂ ತಿಳಿಯದು.

ಯುದ್ಧ ಮುಗಿದು, ನಿಧಾನವಾಗಿ ಒಳ್ಳೆಯ ಅಕ್ಕಿ ಬರತೊಡಗಿತು. ದೋಸೆ ಮೊದಲಿನಂತಾಯಿತು, ಗಿರಾಕಿಗಳೂ ಮರಳಿದರು. ಡ್ರೈವರ್ ಮಾತ್ರ ನಿಂತುಕೊಂಡೇ ಕಾಫಿ ಕುಡಿದು ಹೊರಡುತ್ತಿದ್ದರು. ಯಜಮಾನರು ದೋಸೆ ಹಾಕಲೇ ಎಂದು ಕೇಳಿದಾಗಲೆಲ್ಲ, ಹಸಿವಿಲ್ಲವೆಂದು ಮೆಲ್ಲಗೆ ನಗುತ್ತಿದ್ದರು.